ಸನಾವುಲ್ಲಾ ಸಾಹೇಬರ ಬ್ಲಾಗಿಗೆ ಬಂದವರು

ಎದುರಿಗೆ ಬಂದವರು ಯಾರೇ ಆಗಲಿ, ಸನಾವುಲ್ಲಾ ಸಾಹೇಬರು ಬಲಗೈಯನ್ನು ಎದೆಗೊತ್ತಿ, ತುಸು ಬಾಗಿ, "ಬನ್ನಿ, ನೀವು ಬಂದಿದ್ದು ಬಹಳ ಖುಷಿ" ಎನ್ನುತ್ತಿದ್ದರು. ಶಿವಾಜಿನಗರದಲ್ಲಿ ನಲವತ್ತು ವರ್ಷ ಸೂಟುಬಟ್ಟೆಯ ಅಂಗಡಿ ನಡೆಸಿದವರು. ಒಬ್ಬ ಗಿರಾಕಿಗೆ ಒಂದು ಮಾತು ಹೆಚ್ಚು, ಇನ್ನೊಬ್ಬನಿಗೆ ಕಡಿಮೆ ಹೇಳಿದರೆ ಅಂಗಡಿಗೇ ಅವಮಾನ ಎಂದು ಅವರ ತಂದೆ ಕಲಿಸಿದ್ದರಂತೆ. ಬೆನ್ಸನ್ ಟೌನಿನ ನಮ್ಮ ಬೀದಿಯಲ್ಲಿ, ಬೇಸಿಗೆಯಲ್ಲೂ ಬೂದುಬಣ್ಣದ ಕೋಟು ತೊಟ್ಟು, ಕಾಂಪೌಂಡು ಗೋಡೆಯ ನೆರಳು ಹಿಡಿದು, ಅಳೆದಂಥ ಹೆಜ್ಜೆಯಿಡುವ ಆ ಕೃಶ ವಿಗ್ರಹ ಸಿಲಿಂಡರ್ ತರುವವನಿಗೂ ಇದೇ ಉಪಚಾರ ಸಲ್ಲಿಸುವುದನ್ನು ಕಂಡು ನಾನು ಒಳಗೊಳಗೇ ನಕ್ಕಿದ್ದೇನೆ.

ಅಂಗಡಿ ಮುಚ್ಚಿದ ಮೇಲೆ ಮೊಮ್ಮಗಳು ಮಾಹಿರಾ ಅವರಿಗೊಂದು ಪುಕ್ಕಟೆ ಬ್ಲಾಗು ಮಾಡಿಕೊಟ್ಟಳು. ಹಳೆಯ ಗಿರಾಕಿಗಳ ಕುರಿತು ಆರು ವರ್ಷ ಬರೆದರು. ಪುಕ್ಕಟೆ ಜಾಗದ ಸಂಕಟ ಒಂದೆರಡಲ್ಲ: ಅಕ್ಷರಗಳು ಇದ್ದಕ್ಕಿದ್ದಂತೆ ಚಿಕ್ಕವಾಗುತ್ತಿದ್ದವು, ತೀರಿಕೊಂಡ ಗೆಳೆಯನ ಮೇಲಿನ ಬರಹದ ಪಕ್ಕದಲ್ಲೇ ಕೂದಲೆಣ್ಣೆಯ ಜಾಹೀರಾತು ಕುಣಿಯುತ್ತಿತ್ತು. ತಿಂಗಳಿಗೆ ಹನ್ನೊಂದು ಓದುಗರು ಬಂದರೆ ಹಬ್ಬ. ಪ್ರತಿಕ್ರಿಯೆ ಬರೆದ ಪ್ರತಿಯೊಬ್ಬರಿಗೂ ಸಾಹೇಬರು ತಮ್ಮ ಅದೇ ಸ್ವಾಗತವಾಕ್ಯವನ್ನು, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ, ಬರೆಯುತ್ತಿದ್ದರು.

ಅದೇ ಮುಳುವಾಯಿತು. ಒಂದೇ ಮಾತನ್ನು ಇಷ್ಟು ಸಲ ಬರೆಯುವುದು ಮನುಷ್ಯನಲ್ಲ, ಯಂತ್ರವೆಂದು ತೀರ್ಮಾನಿಸಿ ಬ್ಲಾಗಿನ ಕಂಪನಿಯವರು, ಸಾಹೇಬರ ಹೊರತು ಬೇರಾರಿಗೂ ಕಾಣದಂತೆ, ಅದಕ್ಕೆ ಬೀಗ ಹಾಕಿದರು. ಆ ಉತ್ತರಗಳನ್ನು ಹದಿನೈದು ದಿನದೊಳಗೆ ಅಳಿಸಿದರೆ ಬೀಗ ತೆಗೆಯುತ್ತೇವೆ, ಇಲ್ಲದಿದ್ದರೆ ಬ್ಲಾಗನ್ನೇ ಅಳಿಸುತ್ತೇವೆ ಎಂದು ನೋಟೀಸು ಬಂತು. ಸಾಹೇಬರು ಫೋನು ಹಿಡಿದು ನಮ್ಮ ಮನೆಗೆ ಬಂದರು.

"ಮೇಷ್ಟ್ರೇ, ನಾನೇನು ತಪ್ಪು ಮಾಡ್ದೆ? ಬೈದಿದ್ರೆ ಸುಮ್ನೆ ಬಿಡ್ತಿದ್ರಾ?"

"ಬಿಡ್ತಿದ್ರೇನೋ ಸಾಹೇಬ್ರೇ. ಅಳಿಸಿಬಿಡೋಣ, ಅರ್ಧ ಗಂಟೆ ಕೆಲಸ."

"ಬಂದೋರಿಗೆ ಹೇಳಿದ ಮಾತು ವಾಪಸ್ ತಗೊಳ್ಳೋದು ಹೆಂಗ್ರೀ?"

ಅದು ಹಟವೋ, ಸಂಸ್ಕಾರವೋ, ಬರೀ ಪೆದ್ದುತನವೋ ಎಂದು ಎರಡು ವಾರ ತಲೆ ಕೆಡಿಸಿಕೊಂಡೆ, ಸಿಟ್ಟೂ ಬಂತು. ಕೊನೆಯ ದಿನ ಬೆಳಿಗ್ಗೆ ಅವರ ಮನೆಗೆ ಹೋದರೆ, ಫೋನು ನೋಡಿಕೊಂಡು ಉದ್ದನೆಯ ನೋಟುಪುಸ್ತಕಕ್ಕೆ ಏನನ್ನೋ ನಕಲು ಮಾಡುತ್ತ ಕೂತಿದ್ದಾರೆ. ತಮ್ಮ ಬರಹಗಳನ್ನಲ್ಲ! ಓದಿ ಎರಡು ಸಾಲು ಬರೆದುಹೋದವರ ಹೆಸರು, ಊರು, ಮಾತು: ಕಗ್ಗದಾಸಪುರದ ಪ್ರಿಯದರ್ಶಿನಿ, ಕಲ್ಯಾಣ ನಗರದ ಭಗವಂತರಾಯ.

"ನಾನು ಬರ್ದಿದ್ದು ತಲೇಲಿದೆ. ಇವರು ಬಂದಿದ್ದು ಇನ್ನೆಲ್ಲೂ ಇರಲ್ಲ" ಎಂದರು.

ಅಂದೇ ಬ್ಲಾಗು ಹೋಯಿತು. ಮನೆಗೆ ಬಂದು ಕೂತೆ. ಮೂವತ್ತು ವರ್ಷದಿಂದ ಬರೆಯುತ್ತಿರುವ ನನಗೆ ನನ್ನ ಓದುಗರಲ್ಲಿ ಒಬ್ಬರ ಹೆಸರೂ ನೆನಪಾಗಲಿಲ್ಲ. ನಮ್ಮಂಥವರಿಗೆ ನಾವು ಬರೆದದ್ದು ಉಳಿಯಬೇಕು. ಅಂಗಡಿಯ ಹೊಸ್ತಿಲಲ್ಲಿ ಬೆಳೆದ ಇಂಥವರಿಗೆ, ತಮ್ಮದೆಲ್ಲ ಹೋದರೂ ಸರಿಯೇ, ಬಂದವರು ಉಳಿಯಬೇಕು.