ಐಸ್‌ಕ್ರೀಂ ಪೆಟ್ಟಿಗೆಯ ಬೀಗ

ನನ್ನದು ಐಸ್‌ಕ್ರೀಂ ಅಂಗಡಿ, ಮೊಮ್ಮಗಳಿಗೆ ಸಕ್ಕರೆ ಕಾಯಿಲೆ. ದೇವರಿಗೂ ತಮಾಷೆಯ ಚಟವಿದೆ. ಹತ್ತನೇ ವಯಸ್ಸಿನಿಂದ ಅವಳು ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಈಗ ಹದಿನಾರು. ನೀರಿಗಿಳಿದರೆ ಮೀನು. ರಜೆಯ ಈಜು ಶಿಬಿರಕ್ಕೆ ಆಯ್ಕೆಯಾಗಿದ್ದಳು; ಸಕ್ಕರೆ ಹತೋಟಿಯಲ್ಲಿದೆ ಎಂದು ಆಸ್ಪತ್ರೆಯವರು ಬರೆದುಕೊಟ್ಟರೆ ಮಾತ್ರ ಹೋಗಬಹುದಿತ್ತು.

ಅಷ್ಟರಲ್ಲಿ ಮನೆಯ ಫ್ರಿಜ್ ಕೆಟ್ಟಿತು. ನಾನೇನು ಕಡಿಮೆಯೇ? ಇನ್ಸುಲಿನ್ ಸೀಸೆಗಳನ್ನೆಲ್ಲ ಅಂಗಡಿಗೆ ಒಯ್ದು ಐಸ್‌ಕ್ರೀಂ ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿಟ್ಟೆ.

ತಿಂಗಳೊಳಗೆ ಅವಳ ಸಕ್ಕರೆ ಮುನ್ನೂರು ದಾಟಿತು. ಎರಡು ಬಸ್ಸು ಬದಲಿಸಿ ದೊಡ್ಡಾಸ್ಪತ್ರೆಗೆ ಹೋದರೆ ಡಾಕ್ಟರು ಮುಖವನ್ನೂ ಎತ್ತದೆ, "ಬಾಯಿ ಕಟ್ಟಬೇಕಮ್ಮ. ಮೂರು ತಿಂಗಳು ಬಿಟ್ಟು ಬನ್ನಿ" ಎಂದರು.

ನನಗೆ ಪಿತ್ತ ನೆತ್ತಿಗೇರಿತು. "ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಊರಿಗೆ ಗೊತ್ತಾಗಲ್ವೇನೇ?"

"ಅಜ್ಜಿ, ನಾನು ಒಂದು ಚಮಚನೂ ಮುಟ್ಟಿಲ್ಲ."

ನಂಬಲಿಲ್ಲ. ಪೆಟ್ಟಿಗೆಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವಳು ಅಂಗಡಿಗೆ ಬರುವುದನ್ನೇ ಬಿಟ್ಟಳು.

ಅದೇ ವಾರ ನಮ್ಮ ಬೀದಿಯ ದರ್ಜಿಯ ಮಹಡಿ ಮೇಲೆ ಸಣ್ಣ ಕ್ಲಿನಿಕ್ ತೆರೆಯಿತು. ಬುಧವಾರ ಬುಧವಾರ ಒಬ್ಬ ಸಿಸ್ಟರ್ ಬರುತ್ತಿದ್ದರು. ಕಳ್ಳಿಯನ್ನು ಹಿಡಿದುಕೊಡುವ ಉತ್ಸಾಹದಲ್ಲಿ ಮೊಮ್ಮಗಳನ್ನು ಎಳೆದುಕೊಂಡು ಹೋದೆ. ಸಿಸ್ಟರ್ ಅವಳು ದಿನಾ ಸಕ್ಕರೆ ಬರೆದಿಡುವ ಪುಸ್ತಕವನ್ನು ನಿಧಾನವಾಗಿ ಓದಿದರು. ಆಮೇಲೆ ನನ್ನನ್ನೇ ಕೇಳಿದರು.

"ಇನ್ಸುಲಿನ್ ಎಲ್ಲಿಡ್ತೀರಮ್ಮ?"

"ಐಸ್‌ಕ್ರೀಂ ಕೆಳಗೆ. ಕಲ್ಲಾಗಿರುತ್ತೆ ನೋಡಿ, ನಾನೇ ಕೈಯಲ್ಲಿ ಉಜ್ಜಿ ಕರಗಿಸಿ ಕೊಡ್ತೀನಿ" ಎಂದೆ, ಎದೆಯುಬ್ಬಿಸಿ.

ಸಿಸ್ಟರ್ ಪೆನ್ನು ಕೆಳಗಿಟ್ಟರು. "ಒಂದ್ಸಲ ಹೆಪ್ಪುಗಟ್ಟಿದ್ರೆ ಮುಗೀತಮ್ಮ. ಕರಗಿಸಿದ್ರೂ ಅದನ್ನ ನಂಬೋ ಹಾಗಿಲ್ಲ. ಹುಡುಗಿ ತಪ್ಪೇನಿಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಳ್ಳನನ್ನು ಒಳಗೇ ಇಟ್ಟು ಬೀಗ ಹಾಕಿದವಳು ನಾನು. ಮೊಮ್ಮಗಳು ನನ್ನ ಕಡೆ ನೋಡಲಿಲ್ಲ; ಕಿಟಕಿಯಾಚೆ ನೋಡುತ್ತ ಕಣ್ಣೊರೆಸಿಕೊಂಡಳು.

ಸಿಸ್ಟರ್ ಅಲ್ಲೇ ಹೊಸ ಸೀಸೆ ಕೊಟ್ಟರು. ಮಾರನೆಯ ದಿನವೇ ಫ್ರಿಜ್ ರಿಪೇರಿಯಾಯಿತು. ಸಕ್ಕರೆ ಮೆಲ್ಲಗೆ ಇಳಿಯಿತು. ಮೂರನೇ ಬುಧವಾರ ಸಿಸ್ಟರ್ ತಾವೇ ದೊಡ್ಡಾಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಿ ಈಜು ಶಿಬಿರದ ಚೀಟಿ ಬರೆಸಿಕೊಟ್ಟರು.

ಅವತ್ತು ಸಂಜೆ ಎಷ್ಟೋ ದಿನಗಳ ಮೇಲೆ ಅವಳು ಅಂಗಡಿಗೆ ಬಂದಳು. ನಾನು ಸೊಂಟದ ಕೀಲಿ ಬಿಚ್ಚಿ ಅವಳ ಕೈಗಿಟ್ಟೆ. "ತಪ್ಪಾಯ್ತು ಮಗಳೇ. ನಿನ್ನ ಮಾತು ನಂಬಬೇಕಿತ್ತು."

ಅವಳು ಬೀಗ ತೆಗೆದು, ಕೀಲಿಯ ಸಮೇತ ಕಸದ ಬುಟ್ಟಿಗೆ ಹಾಕಿದಳು.

"ಅಜ್ಜಿ, ಲೆಕ್ಕ ಹಾಕಿ ಇನ್ಸುಲಿನ್ ತಗೊಂಡ್ರೆ ಒಂದು ಕಪ್ ತಿನ್ನಬಹುದಂತೆ. ಸಿಸ್ಟರ್ ಹೇಳಿಕೊಟ್ಟಿದ್ದಾರೆ." ಸೂಜಿ ಆಗಲೇ ಕೈಯಲ್ಲಿತ್ತು.

ಆರು ವರ್ಷ ಊರಿನ ಮಕ್ಕಳಿಗೆಲ್ಲ ಕೊಟ್ಟ ಕೈ ನನ್ನದು. ಅವಳಿಗೊಂದು ಕಪ್ ತುಂಬಿದ್ದು ಅವತ್ತೇ.

"ಇನ್ನೂ ಸ್ವಲ್ಪ ಹಾಕು, ಜಿಪುಣಿ" ಎಂದಳು.

"ಸಿಸ್ಟರ್ ಹೇಳಿದ್ದು ಒಂದೇ ಕಪ್" ಎಂದು ಚಮಚ ಕೊಟ್ಟೆ.