ಒಗ್ಗರಣೆಗೆ ಕೂಗಿದ ಗಂಟೆ

ನಮ್ಮ ಪಕ್ಕದ ಮನೆಯ ಪಾಪಮ್ಮ ಕಡೂರಿನಲ್ಲಿ ಒಗ್ಗರಣೆ ಹಾಕಿದರೆ ದೇವನೂರಿನವರು ಸೀನಬೇಕು. ಸುಳ್ಳಾದರೆ ನನ್ನ ಮೀಸೆ ಬೋಳಿಸಿ. ಎಂಬತ್ತಾರನೇ ಇಸವಿಯ ಮಾತು. ತೀರ್ಥಪ್ಪನವರ ಮಹಡಿಯ ಮೇಲೆ ಎರಡು ಬಾಡಿಗೆ ಮನೆಗಳು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಪಾಪಮ್ಮ ಮತ್ತು ಅವಳ ಗಂಡ ಸಿದ್ದಪ್ಪ. ಕೆಳಗೆ ಮಾಲೀಕರ ವಾಸ.

ಪಾಪಮ್ಮನ ತಮ್ಮ ಬೊಂಬಾಯಿಯಿಂದ ಬೆಂಕಿ ಬಿದ್ದರೆ ಕೂಗಿ ಎಚ್ಚರಿಸುವ ಗಂಟೆಯೊಂದನ್ನು ತಂದುಕೊಟ್ಟ. ಬೆಂಕಿ ಇರುವುದು ಒಲೆಯಲ್ಲಿ ತಾನೆ ಎಂದು ಸಿದ್ದಪ್ಪ ಅದನ್ನು ಗ್ಯಾಸ್ ಒಲೆಯ ನೆತ್ತಿಗೇ ತೂಗುಹಾಕಿದ. ಎಣ್ಣೆಗೆ ಮೆಣಸಿನಕಾಯಿ ಬಿತ್ತು, ಗಂಟೆ ಕಿರುಚಿತು. ಆ ಸದ್ದಿಗೆ ಸಖರಾಯಪಟ್ಟಣದಲ್ಲಿ ತೆಂಗಿನಕಾಯಿ ಉದುರಿದವು; ಹೆಬ್ಬೆ ಜಲಪಾತ ಅರ್ಧದಲ್ಲೇ ನಿಂತು ತಿರುಗಿ ನೋಡಿತು. ಇದು ಬೆಳಗಿನ ಉಪ್ಪಿಟ್ಟಿಗೆ. ಸಾರಿಗೆ ಮತ್ತೆ ಕಿರುಚಿತು, ಮಂಡಕ್ಕಿಗೂ ಬಿಡಲಿಲ್ಲ.

ತೀರ್ಥಪ್ಪ ಮೆಟ್ಟಿಲೇರಿ ಬಂದರು. "ಲೇ ಸಿದ್ದಾ, ಇನ್ನೊಂದ್ ಸಲ ಅದು ಅರಚ್ತೋ, ಮನೆ ಖಾಲಿ ಮಾಡು. ಸಪ್ಪೆ ಉಣ್ಣೋ ಬಾಡಿಗೆದಾರರು ಬೇಕಾದಷ್ಟು ಸಿಕ್ತಾರೆ."

ಸಿದ್ದಪ್ಪ ಅದರ ಬ್ಯಾಟರಿ ಕಿತ್ತು ಟ್ರಾನ್ಸಿಸ್ಟರಿಗೆ ಹಾಕಿಕೊಂಡ. "ಅರಚೋ ಬದ್ಲು ಹಾಡ್ಲಿ!"

ಅಷ್ಟರಲ್ಲಿ ತರೀಕೆರೆಯಿಂದ ಪಾಪಮ್ಮನ ಗೆಳತಿ, ಸೈನ್ಸ್ ಟೀಚರ್ ಪಂಕಜಾಕ್ಷಿ ಬಂದಳು. ಬರಿದಾದ ಗಂಟೆ ಕಂಡು ಸೊಂಟಕ್ಕೆ ಕೈಯಿಟ್ಟಳು.

"ಏನಪ್ಪಾ, ನಾಯಿ ಬೊಗಳ್ತದೆ ಅಂತ ಬಾಯಿ ಹೊಲಿದ್ಬಿಟ್ಯಾ?"

"ಕಳ್ಳನಿಗೆ ಬೊಗಳ್ಲಿ ಕಣಮ್ಮ. ಒಗ್ಗರಣೆಗ್ಯಾಕೆ?"

"ಇದಕ್ಕಿರೋದು ಬರೀ ಮೂಗು ಕಣೋ. ಮನೆ ಉರಿದ ಹೊಗೆ ಯಾವ್ದು, ಮೆಣಸಿನಕಾಯಿ ಹೊಗೆ ಯಾವ್ದು ಅಂತ ತಿಳಿಯಲ್ಲ. ಇದನ್ನ ಒಲೆಯಿಂದ ದೂರ, ನಡುಮನೆ ಚಾವಣಿಗೆ ಹಾಕು. ಅಡುಗೆಮನೆಗೆ ಹೀಟ್ ಡಿಟೆಕ್ಟರ್ ಅಂತ ಬೇರೆ ಬತ್ತದೆ. ಅದಕ್ಕೆ ಮೂಗಿಲ್ಲ, ಚರ್ಮ ಮಾತ್ರ. ಬಿಸಿ ಮಿತಿಮೀರಿದ್ರೆ ಕೂಗ್ತದೆ."

"ಬಾಡಿಗೆ ಮನೇಲಿ ಮೊಳೆ ಹೊಡೆಯಕ್ಕೆ ಬಿಡ್ತಾರೇನೇ?" ಎಂದಳು ಪಾಪಮ್ಮ.

"ಕೇಳಿದ್ರೆ ತಾನೇ ಬಿಡೋದು!"

ಕೇಳಿದರು. ತೀರ್ಥಪ್ಪ ಮೊಳೆಗೆ ಒಪ್ಪಿದರು, ಷರತ್ತು ಮಾತ್ರ ಬಿಡಲಿಲ್ಲ: ಕೂಗಿದರೆ ಖಾಲಿ. ಪಂಕಜಾಕ್ಷಿ ಹೊಸ ಗಂಟೆ ತರಿಸಿ ಅಡುಗೆಮನೆಯ ಚಾವಣಿಗೆ ಹಾಕಿಸಿದಳು; ಹಳೆಯದು ತನ್ನ ಬ್ಯಾಟರಿ ಮರಳಿ ಪಡೆದು ನಡುಮನೆಗೆ ಹೋಯಿತು. ಪಾಪಮ್ಮ ಹಿಡಿ ಮೆಣಸಿನಕಾಯಿ ಎಣ್ಣೆಗೆ ಸುರಿದಳು. ಬೀದಿ ಕೆಮ್ಮಿತು, ಅಜ್ಜಂಪುರದ ಎತ್ತುಗಳು ಸೀನಿದವು. ಎರಡು ಗಂಟೆಗಳೂ ತುಟಿಪಿಟಕ್ಕೆನ್ನಲಿಲ್ಲ.

ಒಂದು ಭಾನುವಾರ ಪಾಪಮ್ಮ ಬೋಂಡಕ್ಕೆ ಎಣ್ಣೆ ಕಾಯಲಿಟ್ಟು ನನ್ನ ಬಾಗಿಲಲ್ಲಿ ಮಾತಿಗೆ ನಿಂತಳು. ನನ್ನ ಮಾತಿಗೆ ನಿಂತವರು ಲೋಕ ಮರೆಯುವುದು ಸಹಜ. ಅಡುಗೆಮನೆಯ ಗಂಟೆ ಕಿರುಚಿತು. ಓಡಿ ನೋಡಿದರೆ ಬಾಣಲೆಯಲ್ಲಿ ಮೊಳದುದ್ದ ಉರಿ!

"ಇವತ್ತೇ ಖಾಲಿ!" ಎನ್ನುತ್ತಲೇ ಬಂದ ತೀರ್ಥಪ್ಪ ಉರಿ ಕಂಡು ನೀರಿನ ಕೊಡ ಎತ್ತಿದರು.

"ಉರಿಯೋ ಎಣ್ಣೆಗೆ ನೀರು ಹಾಕ್ಬೇಡಿ ಕಣ್ರೀ! ಮನೆಯೆಲ್ಲಾ ಹೊತ್ಕೊಳ್ತದೆ!" ಎಂದು ಪಾಪಮ್ಮ ಕೂಗಿದಳು. ಪಂಕಜಾಕ್ಷಿ ಹೇಳಿಕೊಟ್ಟದ್ದು ಅವಳಿಗೆ ನೆನಪಿತ್ತು. ಗ್ಯಾಸ್ ಆರಿಸಿ, ಬಾಣಲೆಗೆ ಅಗಲವಾದ ತಟ್ಟೆ ಸರಿಸಿ ಮುಚ್ಚಿದಳು. ಉರಿ ಉಸಿರುಕಟ್ಟಿ ಸತ್ತಿತು.

ತೀರ್ಥಪ್ಪ ಕೊಡ ತಬ್ಬಿಕೊಂಡೇ, ಗಂಟೆ ಕೇಳಿ ಓಡಿಬಂದ ಸಿದ್ದಪ್ಪನ ಕಡೆ ತಿರುಗಿದರು. "ಸಿದ್ದಾ, ಖಾಲಿ ಗೀಲಿ ಮಾಡ್ಬೇಡ ಕಣೋ. ಕೆಳಗಡೆಗೂ ಒಂದು ತರ್ಸು."

ಬಾಡಿಗೆ ಮನೆಯ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮಾಲೀಕರನ್ನು ಕೇಳಿ ಇಂದೇ ಗಂಟೆ ಹಾಕಿಸಿ. ಅಡುಗೆಮನೆಗೆ ಬಿಸಿಗೆ ಕೂಗುವುದು, ನಡುಮನೆಗೆ ಹೊಗೆಗೆ ಕೂಗುವುದು. ಕೂಗುತ್ತದೋ ಇಲ್ಲವೋ ಎಂದು ಆಗಾಗ ಅದರ ಗುಂಡಿ ಒತ್ತಿ ನೋಡಿ. ನಾನು ಹೇಳಿದ್ದರಲ್ಲಿ ತೆಂಗಿನಕಾಯಿ, ಜಲಪಾತ ಬೇಕಾದರೆ ತೆಗೆದುಬಿಡಿ. ಬ್ಯಾಟರಿ ಮಾತ್ರ ತೆಗೆಯಬೇಡಿ!