ಮಾದರಿ ಮನೆಯ ಮೆಟ್ಟಿಲು

ನಾನು ಕೆಲಸ ಮಾಡುವ ಕಚೇರಿಯಲ್ಲಿ ಹನ್ನೆರಡು ದೇಶಗಳ ಬದುಕನ್ನು ಅಕ್ಕಪಕ್ಕ ಇಟ್ಟು ತೂಗುತ್ತೇವೆ. ಎಲ್ಲಿ ಬಾಡಿಗೆ ಎಷ್ಟು, ಕರೆಂಟಿಗೆ ಎಷ್ಟು, ಸೋಪಿಗೆ ಎಷ್ಟು. ಹೋಲಿಕೆ ನ್ಯಾಯವಾಗಿರಬೇಕಲ್ಲ, ಅದಕ್ಕಾಗಿ ಎಲ್ಲ ದೇಶಗಳಲ್ಲೂ ಒಂದೇ ಥರದ ಮನೆ ಹುಡುಕಬೇಕು: ಎರಡು ಕೋಣೆ, ಬೇರೆ ಅಡುಗೆಮನೆ, ಒಳಗೇ ನಲ್ಲಿ, ಬಿಸಿಲು ಬೀಳುವ ಒಂದು ಕಿಟಕಿ. ಇದಕ್ಕೆ ಮಾದರಿ ಮನೆ ಎಂದು ಹೆಸರು. ಇಂಥ ಐದು ಮನೆಗಳ ಕದ ತಟ್ಟಿ, ಬಾಡಿಗೆ ಕೇಳಿ, ಐದು ಫಾರಂ ತುಂಬಬೇಕು. ನಮ್ಮ ದೇಶಕ್ಕೆ ಆರಿಸಿದ್ದು ನಮ್ಮ ಊರನ್ನೇ; ಅದರ ಐದೂ ನನ್ನ ಪಾಲಿಗೆ ಬಂದವು.

ಕದ ತಟ್ಟುವುದು ನನ್ನಿಂದಾಗದ ಕೆಲಸ. ಮೊದಲ ಮನೆಯಲ್ಲಿ ಒಬ್ಬ ಹೆಂಗಸು ಬಾಗಿಲು ತೆರೆದಳು. ಮೊಣಕೈವರೆಗೂ ಸೋಪಿನ ನೊರೆ. "ಏನು?" ಅಂದಳು. ಅಷ್ಟು ಚಿಕ್ಕ ಪ್ರಶ್ನೆಗೆ ಎಲ್ಲಿಂದ ಉತ್ತರ ಶುರುಮಾಡಬೇಕು ಎಂದು ಯೋಚಿಸುತ್ತ ನಿಂತೆ. ಯೋಚನೆ ಮುಗಿಯುವ ಹೊತ್ತಿಗೆ ಕದ ಮುಚ್ಚಿತ್ತು. ಎರಡನೆಯ ಮನೆಯ ಮುಂದೆ ಎತ್ತಿದ ಕೈಯಿಂದ ತಲೆ ಕೆರೆದುಕೊಂಡು ವಾಪಸು ಬಂದೆ.

ಆ ಸಂಜೆ ನಮ್ಮ ಮನೆಯ ಮೇಜಿನ ಮೇಲೆ ಐದೂ ಫಾರಂ ಹರಡಿದೆ. ಎರಡು ಕೋಣೆ, ಇತ್ತು. ಅಡುಗೆಮನೆ, ನಲ್ಲಿ, ಇದ್ದವು. ಕಿಟಕಿಗೆ ದಿನಕ್ಕೆ ನಲವತ್ತು ನಿಮಿಷ ಬಿಸಿಲಿತ್ತು. ಬಾಡಿಗೆಯಂತೂ ಬಾಯಿಪಾಠ. ನಮ್ಮ ಮನೆಯನ್ನೇ ಐದು ಸಲ ಬರೆದೆ. ಒಂದಕ್ಕೆ ನೀಲಿ ಬಾಗಿಲು ಕೊಟ್ಟೆ, ಇನ್ನೊಂದಕ್ಕೆ ಹಸಿರು. ಒಂದರ ಬಾಡಿಗೆ ತುಸು ಏರಿಸಿ, ಮತ್ತೊಂದರದನ್ನು ಅಷ್ಟೇ ಇಳಿಸಿದೆ. ಸರಾಸರಿ ತೆಗೆದರೆ ನಮ್ಮ ಬಾಡಿಗೆಯೇ ಬರುವಷ್ಟು ಪ್ರಾಮಾಣಿಕತೆ ಉಳಿಸಿಕೊಂಡಿದ್ದೆ.

ನಮ್ಮ ಬಾಡಿಗೆ ತೀರಾ ಅಗ್ಗ. ಅದರ ಕಾರಣ ಬರೆಯಲು ಫಾರಂನಲ್ಲಿ ಕಾಲಂ ಇರಲಿಲ್ಲ. ಮಾಲೀಕರು ಇರುವುದು ನಮ್ಮ ಮೇಲಿನ ಮಹಡಿಯಲ್ಲಿ. ಅವರ ಮೆಟ್ಟಿಲು ಇರುವುದು ನಮ್ಮ ಅಡುಗೆಮನೆಯಲ್ಲಿ. ಅವರು ಬೀದಿಯಿಂದ ಬಂದು, ನಮ್ಮ ಮುಂದಿನ ಕೋಣೆ ದಾಟಿ, ಒಲೆಯ ಪಕ್ಕ ತಿರುಗಿ, ಮೇಲೆ ಹತ್ತುತ್ತಾರೆ. ದಿನಕ್ಕೆ ಏಳೆಂಟು ಸಲ. ಗಡಿಯಾರ ರಿಪೇರಿ ಮಾಡಿ ನಿವೃತ್ತರಾದವರು, ಒಂಟಿ ಜೀವ, ಕೆಟ್ಟವರಲ್ಲ. ನನ್ನ ಹೆಂಡತಿ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಅವರು ಬಂದಾಗಲೆಲ್ಲ ಮೆಷಿನ್ ಪಕ್ಕಕ್ಕೆ ಎಳೆಯಬೇಕು. ಅವರು ಕಾಣಿಸಿದ ಕೂಡಲೇ ನಾವು ಮಾತು ನಿಲ್ಲಿಸುತ್ತೇವೆ, ಅವರು ಹತ್ತಿ ಹೋದ ಮೇಲೆ ನಿಂತಲ್ಲಿಂದ ಮುಂದುವರಿಸುತ್ತೇವೆ. ಮಗಳು ಮಾತು ಕಲಿಯುವ ಮೊದಲೇ ಮಾತು ನಿಲ್ಲಿಸುವುದನ್ನು ಕಲಿತಳು. ನನಗೆ ಇದು ಕಷ್ಟವೆನಿಸಿರಲಿಲ್ಲ. ಮೌನಕ್ಕೆ ನಾನು ಬಾಡಿಗೆ ಕೊಡುವವನಲ್ಲ, ಅದರಲ್ಲೇ ಹುಟ್ಟಿದವನು.

ಆರು ತಿಂಗಳಿಗೆ ವರದಿ ಹೊರಬಂತು. ದುಬಾರಿಯಿಂದ ಅಗ್ಗಕ್ಕೆ ಇಳಿಯುವ ಪಟ್ಟಿಯಲ್ಲಿ ನಮ್ಮದು ಹನ್ನೆರಡನೆಯದು, ಬದುಕಲು ಅತಿ ಅಗ್ಗ. ಪತ್ರಿಕೆಗಳು ಮುಖಪುಟದಲ್ಲಿ ಹಾಕಿದವು. ನಮ್ಮ ಕಚೇರಿಯ ಮುಖ್ಯಸ್ಥರು ನನ್ನನ್ನು ಕರೆದರು. ಇವರನ್ನು ಬೆನ್ನ ಹಿಂದೆ ಸರಾಸರಿ ಸಾಹೇಬರು ಎನ್ನುತ್ತೇವೆ. ಕಿಟಕಿ ತೆರೆಯಬೇಕು ಎಂದು ಒಬ್ಬ, ಮುಚ್ಚಬೇಕು ಎಂದು ಇನ್ನೊಬ್ಬ ಜಗಳವಾಡಿದರೆ ಎದ್ದು ಬಂದು ಅರ್ಧ ತೆರೆದು ಹೋಗುವವರು.

"ಭೇಷ್ ಕಣಯ್ಯ," ಅಂದರು. "ಇಷ್ಟು ಅಗ್ಗದ ಊರಲ್ಲಿ ಇದ್ದೀವಿ ಅಂತ ನನಗೇ ಗೊತ್ತಿರಲಿಲ್ಲ. ಅಂದಹಾಗೆ, ಈ ವರ್ಷ ಯಾರಿಗೂ ತುಟ್ಟಿಭತ್ಯೆ ಇಲ್ಲ."

"ಯಾಕೆ ಸಾರ್?"

"ತುಟ್ಟಿನೇ ಇಲ್ಲವಲ್ಲಯ್ಯ!"

ಅದೇ ಸಂಜೆ ಮಾಲೀಕರು ಒಲೆಯ ಪಕ್ಕ ಮೊದಲ ಸಲ ನಿಂತರು. ಕೈಯಲ್ಲಿ ಪತ್ರಿಕೆ.

"ಓದಿದ್ರೇನಮ್ಮ? ಹನ್ನೆರಡು ದೇಶ ಹುಡುಕಿದ್ರೂ ಇಷ್ಟು ಅಗ್ಗದ ಮನೆ ಇಲ್ಲವಂತೆ. ನಾನೆಂಥಾ ದಡ್ಡ!"

"ಅದು ಊರಿನ ಬಗ್ಗೆ ಬರೆದಿರೋದು ಯಜಮಾನ್ರೇ, ನಿಮ್ಮ ಮನೆ ಬಗ್ಗೆ ಅಲ್ಲ," ಅಂದಳು ನನ್ನ ಹೆಂಡತಿ. ನಾನು ಗೋಡೆ ನೋಡುತ್ತಿದ್ದೆ.

"ನಾನೇನು ಮೊದಲನೇ ದೇಶದ ಬಾಡಿಗೆ ಕೇಳ್ತಿಲ್ಲ. ಹನ್ನೊಂದನೇ ದೇಶದ್ದು ಕೊಡಿ ಸಾಕು. ಎರಡು ತಿಂಗಳು ಟೈಮ್ ಕೊಡ್ತೀನಿ. ಆಗದಿದ್ರೆ ಬೇರೆ ಮನೆ ನೋಡ್ಕೊಳ್ಳಿ."

ಹನ್ನೊಂದನೆಯ ದೇಶದ ಬಾಡಿಗೆ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮದಕ್ಕಿಂತ ಕಾಲು ಪಾಲು ಹೆಚ್ಚು, ಭತ್ಯೆಯಿಲ್ಲದ ಸಂಬಳಕ್ಕೆ ಎಟುಕದಷ್ಟು.

ಅವರ ಹೆಜ್ಜೆ ಸದ್ದು ಮೇಲೆ ಕರಗಿದ ಮೇಲೆ ಹೆಂಡತಿ ನನ್ನ ಕಡೆ ತಿರುಗಿದಳು. "ಏನ್ರೀ, ಹೇಗೂ ನೀವೇ ಸುತ್ತಾಡಿ ಬರೆದದ್ದಲ್ವಾ? ಆ ಐದು ಅಗ್ಗದ ಮನೆ ಎಲ್ಲಿವೆ ಹೇಳಿ, ಒಂದಕ್ಕೆ ಹೋಗೋಣ."

"ಇಲ್ಲೇ ಇವೆ."

"ಇಲ್ಲೇ ಅಂದ್ರೆ? ಈ ಬೀದಿನಾ?"

"ಈ ಕೋಣೆ."

"ಐದೂ?"

"ಐದೂ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಮಹಾರಾಯ! ನಿಮ್ಮ ಬಾಯಿ ಉಳಿಸೋಕೆ ಹೋಗಿ ಒಂದು ದೇಶನೇ ಅಗ್ಗ ಮಾಡಿಟ್ರಲ್ಲ!" ಆಮೇಲೆ ನಗು ಒಮ್ಮೆಲೇ ನಿಂತಿತು. ಅವಳ ಗಿರಾಕಿಗಳೆಲ್ಲ ಈ ಬೀದಿಯವರೇ. ಮಗಳ ಶಾಲೆ ಬೀದಿಯ ತುದಿಗೆ. ಆ ರೀತಿಯ ಮೌನ ನನಗೆ ಹೊಸದು. ಅದರಲ್ಲಿ ನನಗೆ ಕೂರಲು ಜಾಗವಿರಲಿಲ್ಲ.

ಅಷ್ಟರಲ್ಲಿ ಹೊರದೇಶದ ಮುಖ್ಯ ಕಚೇರಿಗೆ ಅನುಮಾನ ಬಂತು. ಇಷ್ಟು ಅಗ್ಗ ಹೇಗೆ? ತಪಾಸಣೆಗೆ ಒಬ್ಬ ಮೇಡಂ ಬಂದಿಳಿದರು. ನಮ್ಮ ಭಾಷೆಯನ್ನು ನಿಧಾನವಾಗಿ, ಪದಪದ ಆರಿಸಿಕೊಂಡು ಆಡುವವರು. ಐದರಲ್ಲಿ ಒಂದು ಮನೆ ನೋಡಿದರೆ ಸಾಕು, ಆದರೆ ಯಾವುದೆಂದು ತಾವೇ ಆರಿಸುವುದಾಗಿ ಹೇಳಿ, ಫಾರಂಗಳನ್ನು ಇಸ್ಪೀಟಿನಂತೆ ಕಲೆಸಿ ಒಂದನ್ನು ಎಳೆದರು. ಮೂರನೆಯ ಮನೆ, ಹಸಿರು ಬಾಗಿಲು. ಯಾವುದು ಬಂದಿದ್ದರೂ ದಾರಿ ಒಂದೇ; ಮೇಡಂ ಅವರನ್ನೂ, ನನ್ನ ಮನೆ ಎಂದೂ ಕಂಡಿರದ ಸರಾಸರಿ ಸಾಹೇಬರನ್ನೂ ಅಲ್ಲಿಗೇ ಕರೆದೊಯ್ದೆ.

"ಬಾಗಿಲು ಕಂದು ಇದೆ," ಅಂದರು ನಮ್ಮ ಮನೆಯ ಮುಂದೆ ನಿಂತು.

"ಬಣ್ಣ ಬಳಿದಿದ್ದಾರೆ ಮೇಡಂ," ಅಂದೆ. ಒಳಗಿಂದ ನನ್ನ ಹೆಂಡತಿ ಬಂದು ನನ್ನನ್ನು ಪರಿಚಯವೇ ಇಲ್ಲದವಳಂತೆ ನೋಡಿ, "ಬನ್ನಿ ಸಾರ್, ಚಪ್ಪಲಿ ಅಲ್ಲಿ ಬಿಡಿ" ಅಂದಳು. ಅಷ್ಟು ಮರ್ಯಾದೆ ಆ ಮನೆಯಲ್ಲಿ ನನಗೆ ಹಿಂದೆ ಸಿಕ್ಕಿರಲಿಲ್ಲ.

ಮೇಡಂ ಟೇಪು ಬಿಚ್ಚಿ ಅಳೆಯತೊಡಗಿದರು. ಹೆಂಡತಿ ತಾನಾಗಿಯೇ ಇನ್ನೊಂದು ತುದಿ ಹಿಡಿದಳು. ಅರ್ಧ ಅಳೆದಿರುವಾಗ ಮಾಲೀಕರು ಕೈಚೀಲ ಹಿಡಿದು ಒಳಗೆ ಬಂದರು. ಹೆಂಡತಿ ಟೇಪು ಬಿಟ್ಟು ಮೆಷಿನ್ ಎಳೆದಳು. ಎಲ್ಲರೂ ಸುಮ್ಮನಾದೆವು, ಸರಾಸರಿ ಸಾಹೇಬರೂ. ಮಾಲೀಕರು ನಮ್ಮ ನಡುವೆಯೇ ಹಾದು, ಒಲೆಯ ಪಕ್ಕ ತಿರುಗಿ, ಮೇಲೆ ಹೋದರು.

"ಅವರು ಯಾರು?"

"ಮಾಲೀಕರು. ಮನೆಗೆ ಹೋದ್ರು," ಅಂದಳು ನನ್ನ ಹೆಂಡತಿ.

"ಅವರ ಮನೆ ಎಲ್ಲಿದೆ?"

"ನಮ್ಮ ಅಡುಗೆಮನೆ ದಾಟಿದ ಮೇಲೆ."

ಮೇಡಂ ಒಲೆಯವರೆಗೂ ಹೋಗಿ ಮೆಟ್ಟಿಲು ನೋಡಿ ಬಂದರು. ಆಮೇಲೆ ಬಾಗಿಲಿನಿಂದ ಮೆಟ್ಟಿಲವರೆಗೆ, ಒಬ್ಬ ಮನುಷ್ಯ ಚೀಲ ಹಿಡಿದು ಹೋಗುವಷ್ಟು ಅಗಲಕ್ಕೆ, ಮತ್ತೆ ಅಳೆದರು. ಲೆಕ್ಕ ಹಾಕಿ ಹೇಳಿದರು: "ಇದು ಎರಡು ಕೋಣೆಯ ಮನೆ ಅಲ್ಲ. ಇದು ಒಂದು ಬೀದಿ. ಅದರ ಎರಡೂ ಬದಿಗೆ ಸ್ವಲ್ಪ ಸ್ವಲ್ಪ ಮನೆ ಇದೆ." ಮನೆಯ ಮೂರರಲ್ಲಿ ಒಂದು ಪಾಲು ಬಾಡಿಗೆದಾರರದ್ದಲ್ಲ, ಓಡಾಟದ ದಾರಿ ಎಂದು ಬರೆದು ಸಹಿ ಹಾಕಿದರು.

"ಇದರ ಒಂದು ಕಾಪಿ ನನಗೂ ಕೊಡ್ತೀರಾ?" ಎಂದು ನನ್ನ ಹೆಂಡತಿ ಕೇಳಿದಳು. "ಸೀಲು ಹಾಕಿ."

ಕಚೇರಿಯಲ್ಲಿ ಸಾಹೇಬರು ಗಾಬರಿಯಲ್ಲಿದ್ದರು. "ಉಳಿದ ನಾಲ್ಕು ಮನೆಗೂ ಇದೇ ಕಡಿತ ಹಾಕಿಬಿಡು. ಯಾರ ಮನೆಯಲ್ಲಾದರೂ ಯಾರಾದರೂ ಹಾದುಹೋಗ್ತಾನೇ ಇರ್ತಾರೆ." ಹಾಕಿದೆ. ಉಳಿದ ಜಾಗಕ್ಕೆ ಬಾಡಿಗೆ ಭಾಗಿಸಿದಾಗ ನಮ್ಮ ದೇಶ ಹನ್ನೆರಡನೆಯ ಸ್ಥಾನದಿಂದ ಏಳನೆಯದಕ್ಕೆ ಏರಿತು. ಸಾಹೇಬರ ಮುಖ ಅರಳಿತು. "ನಡುಮಧ್ಯ!" ಅಂದರು. ಆ ಖುಷಿಗೆ ಅರ್ಧ ತುಟ್ಟಿಭತ್ಯೆ ಮಂಜೂರಾಯಿತು.

ಎರಡು ತಿಂಗಳು ತುಂಬಿದ ದಿನ ಮಾಲೀಕರು ಹೊಸ ಪತ್ರಿಕೆ ಹಿಡಿದು ಒಲೆಯ ಪಕ್ಕ ನಿಂತರು. "ಏಳಕ್ಕೆ ಏರಿದ್ದೀವಂತೆ. ಊರು ದುಬಾರಿ ಆಯ್ತು ನೋಡಿ. ಹಾಗಾಗಿ ಹನ್ನೊಂದನೇ ದೇಶದ್ದು ಈಗ ಸಾಲಲ್ಲ..."

ಅಗ್ಗವೆಂದಾಗ ಅಗ್ಗವೆಂದು ಏರುವ ಬಾಡಿಗೆ, ದುಬಾರಿಯೆಂದಾಗ ದುಬಾರಿಯೆಂದು ಏರುತ್ತದೆ. ಓದುವಾಗ ಈ ಸೂತ್ರ ನನಗೆ ಯಾರೂ ಕಲಿಸಿರಲಿಲ್ಲ.

ಹೆಂಡತಿ ಸೀಲು ಹಾಕಿದ ಕಾಗದವನ್ನು ಮೆಟ್ಟಿಲ ಮೇಲೆ ಇಟ್ಟಳು. "ಕೊಡ್ತೀವಿ ಯಜಮಾನ್ರೇ. ಭತ್ಯೆ ಬಂದಿದೆ, ರಾತ್ರಿನೂ ಹೊಲಿದು ಕೊಡ್ತೀನಿ. ಆದ್ರೆ ಅದು ಇಡೀ ಮನೆಯ ಬಾಡಿಗೆ. ಈಗ ಕೊಡ್ತಿರೋದು ಮೂರರಲ್ಲಿ ಎರಡು ಪಾಲಿಗೆ ಅಂತ ಇಲ್ಲಿ ಬರೆದಿದೆ. ನಾಳೆಯಿಂದ ನನ್ನ ಮೆಷಿನ್ ಈ ಮೆಟ್ಟಿಲ ಮುಂದೆ ಇರುತ್ತೆ, ಎಳೆಯಲ್ಲ. ನೀವು ಹೊರಗಡೆಯಿಂದ ಒಂದು ಏಣಿ ಹಾಕ್ಕೊಳ್ಳಿ."

ಮಾಲೀಕರು ಕಾಗದ ನೋಡಿದರು. ಮೆಟ್ಟಿಲು ನೋಡಿದರು. ತಮ್ಮ ಮೊಣಕಾಲು ನೋಡಿಕೊಂಡರು. ಆ ಮನೆಯಲ್ಲಿ ಅವರು ಮಾತು ನಿಲ್ಲಿಸಿ ನಾವು ಕಾದದ್ದು ಅದೇ ಮೊದಲು.

"ಹಳೆಯ ಬಾಡಿಗೆಯೇ ಇರಲಿ ಬಿಡಿ," ಎಂದು ಮೇಲೆ ಹತ್ತಿದರು.

ಮರುದಿನ ಸಂಜೆ ಮುಂಬಾಗಿಲಲ್ಲಿ ಯಾರೋ ಕೆಮ್ಮಿದರು. ಮಾಲೀಕರು ಹೊಸ್ತಿಲ ಆಚೆ, ಚೀಲವನ್ನು ಎದೆಗವಚಿಕೊಂಡು ನಿಂತಿದ್ದರು.

"ಬರಲಾ?"

ಹೆಂಡತಿ ತೋಳಿನ ಹೊಲಿಗೆ ಕೊನೆಮುಟ್ಟಿಸಿ, ದಾರ ಕತ್ತರಿಸಿ, "ಬನ್ನಿ" ಅಂದಳು. ಮೆಷಿನ್ ಪಕ್ಕಕ್ಕೆ ಎಳೆದಳು. ಅವರು ದಾಟಿ ಹೋಗುವಷ್ಟು ಹೊತ್ತೂ ಮಗಳು ತನ್ನ ಶಾಲೆಯ ಕಥೆಯನ್ನು ನಿಲ್ಲಿಸಲಿಲ್ಲ.